ದೋಷಾರೋಪದಲ್ಲಿ ದೋಷ: ಶಿಕ್ಷೆಯ ವಿರುದ್ಧ ಮೇಲ್ಮನವಿ

ಅಪರಾಧ ಮಾಡಿದನೆಂಬ ಆಪಾದನೆಯ ಮೇಲೆ ನ್ಯಾಯಾಲಯದ ಮುಂದೆ ನಿಲ್ಲುವ ಪ್ರತಿಯೊಬ್ಬ ವ್ಯಕ್ತಿಗೂ ಒಂದು ಮೂಲಭೂತ ಪ್ರಶ್ನೆಯನ್ನು ಕೇಳುವ ಹಕ್ಕಿದೆ. ತಾನು ಯಾವ ದಿನ, ಯಾವ ಸ್ಥಳದಲ್ಲಿ, ಯಾರಿಗೆ, ಏನು ಮಾಡಿದೆನೆಂದು ಹೇಳಲಾಗುತ್ತಿದೆ ಎಂಬುದೇ ಆ ಪ್ರಶ್ನೆ. ಇದಕ್ಕೆ ಸ್ಪಷ್ಟವಾದ ಉತ್ತರ ದೊರೆಯದಿದ್ದರೆ ತನ್ನನ್ನು ಸಮರ್ಥಿಸಿಕೊಳ್ಳುವುದು ಯಾರಿಗೂ ಸಾಧ್ಯವಿಲ್ಲ. ಈ ಉತ್ತರವನ್ನು ಲಿಖಿತ ರೂಪದಲ್ಲಿ ನೀಡುವ ದಾಖಲೆಗೆ ಕಾನೂನಿನಲ್ಲಿ ದೋಷಾರೋಪ ಎಂದು ಹೆಸರು.

ದೋಷಾರೋಪವನ್ನು ಬರೆಯುವಾಗ ತಪ್ಪುಗಳಾಗುವುದುಂಟು. ದಿನಾಂಕ ತಪ್ಪಬಹುದು, ಹೆಸರು ಬದಲಾಗಬಹುದು, ಕಾನೂನಿನ ಕಲಂ ಬಿಟ್ಟುಹೋಗಬಹುದು. ಇಂತಹ ತಪ್ಪು ಕಂಡುಬಂದೊಡನೆ ಶಿಕ್ಷೆ ರದ್ದಾಗುವುದೆಂಬ ನಂಬಿಕೆ ಜನರಲ್ಲಿ ವ್ಯಾಪಕವಾಗಿದೆ. ಇದಕ್ಕೆ ವಿರುದ್ಧವಾಗಿ, ಇವೆಲ್ಲ ಬರೆವಣಿಗೆಯ ತಪ್ಪುಗಳು, ಇವುಗಳಿಂದ ಯಾವ ಪ್ರಯೋಜನವೂ ಇಲ್ಲವೆಂದು ನಿರಾಶರಾಗುವವರೂ ಇದ್ದಾರೆ. ಈ ಎರಡು ಅಭಿಪ್ರಾಯಗಳೂ ಸರಿಯಲ್ಲ. ತಪ್ಪಿನಿಂದ ಆರೋಪಿಯು ದಾರಿ ತಪ್ಪಿದನೇ, ಅದರಿಂದ ನ್ಯಾಯಕ್ಕೆ ಭಂಗವಾಯಿತೇ ಎಂಬುದೇ ಮೇಲ್ಮನವಿ ನ್ಯಾಯಾಲಯದ ಮುಂದಿರುವ ನಿಜವಾದ ಪ್ರಶ್ನೆ. ಈ ತತ್ತ್ವವನ್ನು ಮತ್ತು ಅದರ ಆಚರಣೆಯನ್ನು ಇಲ್ಲಿ ವಿವರಿಸಲಾಗಿದೆ.

ದೋಷಾರೋಪ ಎಂದರೇನು?

ಪೊಲೀಸರು ತನಿಖೆ ಮುಗಿಸಿ ನ್ಯಾಯಾಲಯಕ್ಕೆ ಸಲ್ಲಿಸುವ ವರದಿಯನ್ನು ಸಾಮಾನ್ಯವಾಗಿ ಚಾರ್ಜ್‌ಶೀಟ್ ಅಥವಾ ಆರೋಪ ಪಟ್ಟಿ ಎನ್ನುತ್ತಾರೆ. ದೋಷಾರೋಪವು ಇದಕ್ಕಿಂತ ಭಿನ್ನವಾದುದು. ಪೊಲೀಸರ ವರದಿಯನ್ನೂ ಅದರೊಂದಿಗಿನ ದಾಖಲೆಗಳನ್ನೂ ಪರಿಶೀಲಿಸಿ, ಉಭಯ ಪಕ್ಷಗಳ ವಾದವನ್ನು ಕೇಳಿದ ಮೇಲೆ, ವಿಚಾರಣೆ ನಡೆಸಲು ಆಧಾರವಿದೆಯೆಂದು ಕಂಡುಬಂದರೆ ನ್ಯಾಯಾಧೀಶರೇ ಸ್ವತಃ ದೋಷಾರೋಪವನ್ನು ರಚಿಸುತ್ತಾರೆ. ಅದನ್ನು ಆರೋಪಿಗೆ ಓದಿ ಹೇಳಿ, ವಿವರಿಸಿ, ಆತನು ತಪ್ಪನ್ನು ಒಪ್ಪಿಕೊಳ್ಳುವನೋ ಅಥವಾ ವಿಚಾರಣೆಯನ್ನು ಕೋರುವನೋ ಎಂದು ಕೇಳಬೇಕು. ಲಘು ಅಪರಾಧಗಳ ಸಮನ್ಸ್ ಮೊಕದ್ದಮೆಗಳಲ್ಲಿ ವಿಧಿವತ್ತಾದ ದೋಷಾರೋಪದ ಅಗತ್ಯವಿಲ್ಲ. ಆದರೆ ಅಲ್ಲಿಯೂ ಅಪರಾಧದ ವಿವರಗಳನ್ನು ಆರೋಪಿಗೆ ತಿಳಿಸಲೇಬೇಕು.

2024ರ ಜುಲೈ 1ರವರೆಗೆ ಈ ವಿಷಯಗಳು 1973ರ ದಂಡ ಪ್ರಕ್ರಿಯಾ ಸಂಹಿತೆಗೆ ಒಳಪಟ್ಟಿದ್ದವು. ಅಂದಿನಿಂದ 2023ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಆ ದಿನಕ್ಕೆ ಮುಂಚೆಯೇ ಬಾಕಿಯಿದ್ದ ವಿಚಾರಣೆಗಳೂ ಮೇಲ್ಮನವಿಗಳೂ ಹಳೆಯ ಸಂಹಿತೆಯಂತೆಯೇ ಮುಂದುವರಿಯುತ್ತವೆ. ದೋಷಾರೋಪಕ್ಕೆ ಸಂಬಂಧಿಸಿದ ತತ್ತ್ವಗಳು ಬಹುಮಟ್ಟಿಗೆ ಬದಲಾಗಿಲ್ಲ. ಕಲಂಗಳ ಸಂಖ್ಯೆಗಳು ಬದಲಾಗಿವೆ.

ಹೊಸ ಸಂಹಿತೆಯ 234ನೆಯ ಕಲಂ ಪ್ರಕಾರ ದೋಷಾರೋಪದಲ್ಲಿ ಅಪರಾಧದ ಹೆಸರು ಹಾಗೂ ಅದು ಯಾವ ಕಾನೂನಿನ ಯಾವ ಕಲಮಿಗೆ ಸೇರಿದುದೆಂಬುದು ಇರಬೇಕು. 235ನೆಯ ಕಲಂ ಪ್ರಕಾರ ಅಪರಾಧ ನಡೆದ ಕಾಲ ಮತ್ತು ಸ್ಥಳ, ಅಪರಾಧಕ್ಕೆ ಗುರಿಯಾದ ವ್ಯಕ್ತಿ ಅಥವಾ ವಸ್ತು ಇವುಗಳ ವಿವರ ಇರಬೇಕು. ಇಷ್ಟರಿಂದ ಆರೋಪಿಗೆ ವಿಷಯ ಸ್ಪಷ್ಟವಾಗದಿದ್ದರೆ, ಅಪರಾಧವನ್ನು ಯಾವ ರೀತಿಯಲ್ಲಿ ಎಸಗಲಾಯಿತು ಎಂಬುದನ್ನೂ ಹೇಳಬೇಕೆಂದು 236ನೆಯ ಕಲಂ ವಿಧಿಸುತ್ತದೆ. ವಂಚನೆಯ ಆಪಾದನೆ ಇದಕ್ಕೆ ಒಳ್ಳೆಯ ನಿದರ್ಶನ. ಒಬ್ಬನು ಮತ್ತೊಬ್ಬನನ್ನು ವಂಚಿಸಿದನೆಂದಷ್ಟೇ ಬರೆದರೆ ಸಾಲದು. ಹೇಗೆ ವಂಚಿಸಿದನೆಂಬುದನ್ನೂ ತಿಳಿಸಬೇಕು.

ಹಳೆಯ ದೃಷ್ಟಿ, ಹೊಸ ದೃಷ್ಟಿ

ಒಂದು ಕಾಲದಲ್ಲಿ ನ್ಯಾಯಾಲಯಗಳು ಈ ನಿಯಮಗಳ ಉಲ್ಲಂಘನೆಯನ್ನು ಬಹು ಕಟ್ಟುನಿಟ್ಟಾಗಿ ಕಾಣುತ್ತಿದ್ದವು. ಮದರಾಸಿನಿಂದ ಲಂಡನ್ನಿನ ಪ್ರಿವಿ ಕೌನ್ಸಿಲಿಗೆ ಹೋದ ಸುಬ್ರಹ್ಮಣ್ಯ ಅಯ್ಯರ್ ಮೊಕದ್ದಮೆಯು 1901ರಲ್ಲಿ ಇತ್ಯರ್ಥವಾಯಿತು. ಎರಡು ವರ್ಷಗಳ ಅವಧಿಯಲ್ಲಿ ನಡೆದವೆನ್ನಲಾದ 41 ಕೃತ್ಯಗಳನ್ನು ಅಲ್ಲಿ ಒಂದೇ ವಿಚಾರಣೆಯಲ್ಲಿ ಸೇರಿಸಲಾಗಿತ್ತು. ಕಾನೂನು ಅನುಮತಿಸದ ರೀತಿಯಲ್ಲಿ ನಡೆದ ಆ ವಿಚಾರಣೆಯೇ ಅಸಿಂಧುವೆಂದು ಪ್ರಿವಿ ಕೌನ್ಸಿಲ್ ತೀರ್ಮಾನಿಸಿ ಶಿಕ್ಷೆಯನ್ನು ರದ್ದುಗೊಳಿಸಿತು.

ಕಾಲಕ್ರಮೇಣ ಈ ದೃಷ್ಟಿ ಬದಲಾಯಿತು. ನಿಯಮಗಳು ಇರುವುದು ನ್ಯಾಯವನ್ನು ಸಾಧಿಸುವುದಕ್ಕಾಗಿ. ಬರೆವಣಿಗೆಯ ತಪ್ಪಿನ ನೆಪದಲ್ಲಿ ಸತ್ಯವನ್ನು ಬದಿಗೆ ಸರಿಸುವುದು ಅವುಗಳ ಉದ್ದೇಶವಲ್ಲವೆಂಬ ವಿಚಾರ ಬಲಗೊಂಡಿತು. ದೋಷಾರೋಪಗಳನ್ನು ತಪ್ಪಾಗಿ ಒಟ್ಟುಗೂಡಿಸುವುದೂ ಸರಿಪಡಿಸಬಹುದಾದ ಕ್ರಮದೋಷಗಳಲ್ಲಿ ಒಂದೆಂದು 1955ರ ತಿದ್ದುಪಡಿಯು ಸ್ಪಷ್ಟಪಡಿಸಿತು.

ಅದೇ ವರ್ಷ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಾಧೀಶರ ಪೀಠವು ವಿಲಿಯಂ ಸ್ಲೇನಿ ಮತ್ತು ಮಧ್ಯಪ್ರದೇಶ ರಾಜ್ಯದ ನಡುವಣ ಮೊಕದ್ದಮೆಯಲ್ಲಿ ನೀಡಿದ ತೀರ್ಪು ಇಂದಿಗೂ ಈ ವಿಷಯದಲ್ಲಿ ಮಾರ್ಗದರ್ಶಿಯಾಗಿದೆ. ಸ್ಲೇನಿ ಮತ್ತು ಆತನ ಸಹೋದರ ಇಬ್ಬರೂ ಸಮಾನ ಉದ್ದೇಶದಿಂದ ಕೊಲೆ ಮಾಡಿದರೆಂದು ದೋಷಾರೋಪದಲ್ಲಿ ಹೇಳಲಾಗಿತ್ತು. ಸಹೋದರನು ಬಿಡುಗಡೆಯಾದನು. ಹಾಕಿ ಕೋಲಿನಿಂದ ತಲೆಗೆ ಹೊಡೆದವನು ಸ್ಲೇನಿಯೇ ಎಂದು ರುಜುವಾತಾಯಿತು. ತಾನೊಬ್ಬನೇ ಕೊಲೆ ಮಾಡಿದನೆಂಬ ಪ್ರತ್ಯೇಕ ದೋಷಾರೋಪವಿಲ್ಲದೆ ತನ್ನನ್ನು ಶಿಕ್ಷಿಸಲಾಗದೆಂದು ಆತನು ವಾದಿಸಿದನು. ತನ್ನ ಮೇಲಿನ ಆಪಾದನೆ ಏನೆಂಬುದು ಆತನಿಗೆ ಆರಂಭದಿಂದಲೂ ತಿಳಿದಿತ್ತು, ಆತನ ಪ್ರತಿವಾದಕ್ಕೆ ಯಾವ ಬಾಧಕವೂ ಆಗಿರಲಿಲ್ಲ ಎಂಬ ಕಾರಣದಿಂದ ನ್ಯಾಯಾಲಯವು ಈ ವಾದವನ್ನು ಒಪ್ಪಲಿಲ್ಲ. ಆದರೆ ಸಾಕ್ಷ್ಯವನ್ನು ಪರಿಶೀಲಿಸಿ, ಕೃತ್ಯವು ಕೊಲೆಯಾಗದೆ ಅದಕ್ಕಿಂತ ಕೆಳಗಿನ ದರ್ಜೆಯ ಮಾನವಹತ್ಯೆಯೆಂದು ತೀರ್ಮಾನಿಸಿ, ಶಿಕ್ಷೆಯನ್ನು 5 ವರ್ಷಗಳ ಕಠಿಣ ಕಾರಾವಾಸಕ್ಕೆ ಇಳಿಸಿತು.

ಕಾನೂನಿನ ಅಳತೆಗೋಲು

ಈಗಿನ ಕಾನೂನಿನ ಸಾರವು ಹೊಸ ಸಂಹಿತೆಯ 238, 510 ಮತ್ತು 511ನೆಯ ಕಲಂಗಳಲ್ಲಿ ಅಡಗಿದೆ. 1973ರ ಸಂಹಿತೆಯಲ್ಲಿ ಇವು ಕ್ರಮವಾಗಿ 215, 464 ಮತ್ತು 465ನೆಯ ಕಲಂಗಳಾಗಿದ್ದವು. ದೋಷಾರೋಪವನ್ನೇ ರಚಿಸಿರಲಿಲ್ಲ ಅಥವಾ ಅದರಲ್ಲಿ ತಪ್ಪಿತ್ತು, ಲೋಪವಿತ್ತು ಎಂಬ ಒಂದೇ ಕಾರಣದಿಂದ ತೀರ್ಪು ಅಸಿಂಧುವಾಗುವುದಿಲ್ಲ. ಅದರಿಂದ ವಾಸ್ತವವಾಗಿ ನ್ಯಾಯ ವೈಫಲ್ಯ ಉಂಟಾಯಿತೆಂದು ಮೇಲಿನ ನ್ಯಾಯಾಲಯಕ್ಕೆ ಮನವರಿಕೆಯಾದರೆ ಮಾತ್ರ ತೀರ್ಪು ನಿಲ್ಲುವುದಿಲ್ಲ.

1973ರ ಸಂಹಿತೆಯು ಇದನ್ನು ವಿವರಿಸಲು ಕೆಲವು ದೃಷ್ಟಾಂತಗಳನ್ನು ಕೊಟ್ಟಿತ್ತು. ಅವುಗಳಲ್ಲಿ ಎರಡನ್ನು ಜೊತೆಯಾಗಿಟ್ಟು ನೋಡಿದರೆ ತತ್ತ್ವವು ಸುಲಭವಾಗಿ ಮನದಟ್ಟಾಗುತ್ತದೆ. ಮೊದಲನೆಯದರಲ್ಲಿ ಒಬ್ಬನ ಮೇಲೆ ಒಂದೇ ಒಂದು ಕೊಲೆಯ ಆಪಾದನೆಯಿದೆ. ದೋಷಾರೋಪದಲ್ಲಿ ಹತನಾದವನ ಹೆಸರು ಮತ್ತು ದಿನಾಂಕ ಎರಡೂ ತಪ್ಪಾಗಿವೆ. ಆದರೆ ಮ್ಯಾಜಿಸ್ಟ್ರೇಟರ ಮುಂದೆ ನಡೆದ ವಿಚಾರಣೆಯನ್ನೆಲ್ಲ ಆತನು ಕೇಳಿದ್ದಾನೆ. ಯಾರ ಕೊಲೆಯ ಮಾತು ನಡೆಯುತ್ತಿದೆಯೆಂದು ಆತನಿಗೆ ಗೊತ್ತು. ಆತನು ದಾರಿ ತಪ್ಪಿಲ್ಲವಾದುದರಿಂದ ಈ ತಪ್ಪು ಮುಖ್ಯವಲ್ಲ. ಎರಡನೆಯದರಲ್ಲಿ ಒಬ್ಬನ ಮೇಲೆ ಎರಡು ಕೊಲೆಗಳ ಆಪಾದನೆಯಿದೆ. ಮೊದಲ ದಿನದ ಕೊಲೆಗೆ ದೋಷಾರೋಪ ಹೊರಿಸಿ, ಮರುದಿನದ ಕೊಲೆಯ ವಿಚಾರಣೆಯನ್ನು ನಡೆಸಲಾಗಿದೆ. ಆತನು ಕರೆತಂದ ಸಾಕ್ಷಿಗಳು ಮೊದಲನೆಯ ಘಟನೆಯನ್ನು ಬಲ್ಲವರು. ಇಲ್ಲಿ ಆತನು ದಾರಿ ತಪ್ಪಿರುವುದು ಸ್ಪಷ್ಟ. ಈ ತಪ್ಪು ಮುಖ್ಯವಾದುದು. ಎರಡರಲ್ಲೂ ತಪ್ಪಾದುದು ಹೆಸರು ಮತ್ತು ದಿನಾಂಕವೇ ಆದರೂ ಅದರ ಪರಿಣಾಮ ಬೇರೆಬೇರೆಯಾಗಿದೆ.

ಶಿಕ್ಷೆ ನಿಲ್ಲದ ಸಂದರ್ಭಗಳು

ತಪ್ಪಿನಿಂದ ನಿಜವಾಗಿಯೂ ಅನ್ಯಾಯವಾದಾಗ ಸರ್ವೋಚ್ಚ ನ್ಯಾಯಾಲಯವು ಮಧ್ಯೆ ಪ್ರವೇಶಿಸಲು ಹಿಂಜರಿದಿಲ್ಲ. 2010ರಲ್ಲಿ ತೀರ್ಮಾನವಾದ ಮೇನ್‌ಪಾಲ್ ಮತ್ತು ಹರಿಯಾಣಾ ರಾಜ್ಯದ ನಡುವಣ ಮೊಕದ್ದಮೆಯಲ್ಲಿ, ಮನೆಗೆ ಅಕ್ರಮವಾಗಿ ನುಗ್ಗಿ ಮಹಿಳೆಯೊಬ್ಬರ ಗೌರವಕ್ಕೆ ಧಕ್ಕೆ ತಂದನೆಂಬ ಆಪಾದನೆಯಿತ್ತು. ದೋಷಾರೋಪದಲ್ಲಿ ಒಬ್ಬ ಮಹಿಳೆಯ ಹೆಸರಿತ್ತು. ಸಾಕ್ಷ್ಯವು ಅದೇ ಮನೆಯ ಮತ್ತೊಬ್ಬ ಮಹಿಳೆಗೆ ಸಂಬಂಧಿಸಿತ್ತು. ಯಾವ ಆಪಾದನೆಗೆ ಉತ್ತರ ಹೇಳಬೇಕೆಂಬುದರಲ್ಲಿಯೇ ಆರೋಪಿಯು ದಾರಿ ತಪ್ಪಿದ್ದನೆಂದು ನ್ಯಾಯಾಲಯವು ಶಿಕ್ಷೆಯನ್ನು ರದ್ದುಗೊಳಿಸಿತು.

2001ರ ಮುಲ್ತಾನಿ ಮೊಕದ್ದಮೆ ಕರ್ನಾಟಕದಿಂದ ಹೋದುದು. ಆರೋಪಿಯ ವಿಚಾರಣೆ ನಡೆದದ್ದು ಹೆಂಡತಿಯ ಕೊಲೆಯ ದೋಷಾರೋಪದ ಮೇಲೆ. ಕೊಲೆ ರುಜುವಾತಾಗದಿದ್ದರೂ ಉಚ್ಚ ನ್ಯಾಯಾಲಯವು ಆತನನ್ನು ವರದಕ್ಷಿಣೆ ಸಾವಿನ ಅಪರಾಧಿಯೆಂದು ನಿರ್ಣಯಿಸಿತು. ವರದಕ್ಷಿಣೆ ಸಾವಿನ ದೋಷಾರೋಪವನ್ನು ಆತನ ಮೇಲೆ ಹೊರಿಸಿರಲಿಲ್ಲ. ಈ ಎರಡು ಅಪರಾಧಗಳಲ್ಲಿ ಪ್ರತಿವಾದದ ಸ್ವರೂಪವೇ ಬೇರೆ. ಕೊಲೆಯ ಆಪಾದನೆಯಲ್ಲಿ ರುಜುವಾತಿನ ಹೊಣೆ ಸರ್ಕಾರದ್ದು, ಆರೋಪಿಯು ಮೌನವಾಗಿರಬಹುದು. ವರದಕ್ಷಿಣೆ ಸಾವಿನಲ್ಲಿ ಕೆಲವು ಅಂಶಗಳು ಸ್ಥಾಪಿತವಾದೊಡನೆ ಕಾನೂನು ಆರೋಪಿಯ ವಿರುದ್ಧ ಪೂರ್ವಭಾವನೆಯನ್ನು ಮಾಡುತ್ತದೆ. ಅದನ್ನು ಅಲ್ಲಗಳೆಯುವ ಹೊಣೆ ಆತನ ಮೇಲೆ ಬೀಳುತ್ತದೆ. ಇಂತಹ ಹೊಣೆಯಿದೆಯೆಂಬ ಸೂಚನೆಯನ್ನೇ ಕೊಡದೆ ಶಿಕ್ಷಿಸುವುದು ನ್ಯಾಯ ವೈಫಲ್ಯವೆಂದು ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿತು. ಆದರೆ ಆತನನ್ನು ಬಿಡುಗಡೆ ಮಾಡಲಿಲ್ಲ. ಆ ಆಪಾದನೆಗೆ ಉತ್ತರ ಹೇಳುವ ಅವಕಾಶವನ್ನು ಆತನಿಗೆ ನೀಡಬೇಕೆಂದು ಮೊಕದ್ದಮೆಯನ್ನು ವಿಚಾರಣಾ ನ್ಯಾಯಾಲಯಕ್ಕೆ ಮರಳಿ ಕಳುಹಿಸಿತು. ಹೆಂಡತಿಯನ್ನು ಕಳೆದುಕೊಂಡ ತವರಿನವರ ನ್ಯಾಯದ ಹಕ್ಕೂ ಹೀಗೆ ಉಳಿಯಿತು.

ಮೇಲ್ಮನವಿ ಯಶಸ್ವಿಯಾದರೆ ಏನಾಗುವುದೆಂಬುದನ್ನು ಈ ನಿದರ್ಶನ ತೋರಿಸುತ್ತದೆ. ದೋಷಾರೋಪವನ್ನೇ ರಚಿಸದ ಕಾರಣ ನ್ಯಾಯಕ್ಕೆ ಭಂಗವಾಗಿದ್ದರೆ, ಅದನ್ನು ರಚಿಸಿ ಆ ಹಂತದಿಂದ ವಿಚಾರಣೆಯನ್ನು ಪುನಃ ಆರಂಭಿಸಲು ನ್ಯಾಯಾಲಯವು ಆದೇಶಿಸಬಹುದು. ದೋಷಾರೋಪದಲ್ಲಿ ತಪ್ಪಿದ್ದರೆ ಸರಿಯಾದ ದೋಷಾರೋಪದ ಮೇಲೆ ಹೊಸ ವಿಚಾರಣೆಗೆ ಆದೇಶಿಸಬಹುದು. ರುಜುವಾತಾದ ಸಂಗತಿಗಳಿಂದ ಯಾವ ಸಿಂಧುವಾದ ದೋಷಾರೋಪವನ್ನೂ ಹೊರಿಸಲಾಗದೆಂದು ಕಂಡುಬಂದರೆ ಶಿಕ್ಷೆಯನ್ನು ರದ್ದುಗೊಳಿಸಬೇಕು. ಆದುದರಿಂದ ಮೇಲ್ಮನವಿಯ ಗೆಲುವು ಎಲ್ಲ ಸಂದರ್ಭಗಳಲ್ಲಿಯೂ ಬಿಡುಗಡೆಯೇ ಆಗಿರುವುದಿಲ್ಲ.

ಇನ್ನೊಂದು ಅಂಶವನ್ನೂ ಗಮನಿಸಬೇಕು. ದೊಡ್ಡ ಅಪರಾಧದ ದೋಷಾರೋಪವಿದ್ದು, ಅದರಲ್ಲೇ ಅಡಕವಾಗಿರುವ ಚಿಕ್ಕ ಅಪರಾಧ ಮಾತ್ರ ರುಜುವಾತಾದರೆ, ಪ್ರತ್ಯೇಕ ದೋಷಾರೋಪವಿಲ್ಲದೆಯೇ ಚಿಕ್ಕ ಅಪರಾಧಕ್ಕೆ ಶಿಕ್ಷಿಸಲು 245ನೆಯ ಕಲಂ ಅವಕಾಶ ನೀಡುತ್ತದೆ. ಇದನ್ನು ತಪ್ಪೆಂದು ಮೇಲ್ಮನವಿಯಲ್ಲಿ ಹೇಳಿ ಪ್ರಯೋಜನವಿಲ್ಲ.

ಆಕ್ಷೇಪಣೆಗೆ ತಕ್ಕ ಕಾಲ

ಆಕ್ಷೇಪಣೆಯನ್ನು ಇನ್ನೂ ಮೊದಲೇ ಎತ್ತಬಹುದಾಗಿತ್ತೇ, ಎತ್ತಬೇಕಾಗಿತ್ತೇ ಎಂಬುದನ್ನು ಮೇಲ್ಮನವಿ ನ್ಯಾಯಾಲಯವು ಪರಿಗಣಿಸಬೇಕೆಂದು 511ನೆಯ ಕಲಂ ಹೇಳುತ್ತದೆ. ವಿಚಾರಣೆಯುದ್ದಕ್ಕೂ ಮೌನವಾಗಿದ್ದು ಶಿಕ್ಷೆಯಾದ ಮೇಲೆ ತಪ್ಪನ್ನು ತೋರಿಸಿದರೆ ಆ ವಾದದ ಬಲ ಕುಂದುತ್ತದೆ. ಆದುದರಿಂದ ದೋಷಾರೋಪವನ್ನು ಓದಿ ಹೇಳಿದ ದಿನವೇ ಆರೋಪಿಯೂ ಆತನ ವಕೀಲರೂ ಅದನ್ನು ಎಚ್ಚರಿಕೆಯಿಂದ ಪರಿಶೀಲಿಸಿ, ತಪ್ಪಿದ್ದರೆ ಲಿಖಿತವಾಗಿ ನ್ಯಾಯಾಲಯದ ಗಮನಕ್ಕೆ ತರುವುದು ಉಚಿತ. ತೀರ್ಪು ನೀಡುವವರೆಗೂ ದೋಷಾರೋಪವನ್ನು ಬದಲಿಸುವ ಅಧಿಕಾರ 239ನೆಯ ಕಲಂ ಅನ್ವಯ ನ್ಯಾಯಾಲಯಕ್ಕಿದೆ. ಹಾಗೆ ಬದಲಿಸಿದಾಗ ಹಿಂದಿನ ಸಾಕ್ಷಿಗಳನ್ನು ಪುನಃ ಕರೆಸಿ ಪ್ರಶ್ನಿಸಲು 240ನೆಯ ಕಲಂ ಅವಕಾಶ ಕಲ್ಪಿಸುತ್ತದೆ.

ನ್ಯಾಯಾಲಯದ ಭಾಷೆ ಮತ್ತು ಕನ್ನಡಿಗರು

ದೋಷಾರೋಪವನ್ನು ನ್ಯಾಯಾಲಯದ ಭಾಷೆಯಲ್ಲಿ ಬರೆಯಬೇಕೆಂಬುದು ಕಾನೂನು. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಮುಂತಾದ ನಗರಗಳಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಅನೇಕರಿಗೆ ಆ ಭಾಷೆಯಲ್ಲಿ ವ್ಯವಹರಿಸುವ ಅಭ್ಯಾಸವಿದ್ದರೂ ಕಾನೂನಿನ ಪದಗಳು ಅರ್ಥವಾಗದೆ ಹೋಗಬಹುದು. ದೋಷಾರೋಪವನ್ನು ಓದುವುದಷ್ಟೇ ಅಲ್ಲದೆ ವಿವರಿಸಲೂ ಬೇಕೆಂದು ಕಾನೂನು ಹೇಳಿರುವುದು ಇಂತಹವರ ರಕ್ಷಣೆಗಾಗಿಯೇ. ಅರ್ಥವಾಗದಿದ್ದಲ್ಲಿ ಸಂಕೋಚದಿಂದ ತಲೆಯಾಡಿಸದೆ, ಅರ್ಥವಾಗಲಿಲ್ಲವೆಂದು ನ್ಯಾಯಾಧೀಶರಿಗೆ ನೇರವಾಗಿ ತಿಳಿಸಬೇಕು. ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ನುಡಿದಾಗ ಅದನ್ನು ಆತನಿಗೆ ತಿಳಿಯುವ ಭಾಷೆಗೆ ತೆರೆದ ನ್ಯಾಯಾಲಯದಲ್ಲಿ ಅನುವಾದಿಸಿ ಹೇಳಬೇಕೆಂಬ ನಿಯಮವೂ ಇದೆ.

ಕಾರಾವಾಸದ ಶಿಕ್ಷೆಯಾದವನಿಗೆ ತೀರ್ಪಿನ ಪ್ರತಿಯನ್ನು ಕೂಡಲೇ ಉಚಿತವಾಗಿ ಕೊಡಬೇಕು. ಆತನು ಕೋರಿದರೆ, ಸಾಧ್ಯವಿದ್ದಲ್ಲಿ ಆತನ ಸ್ವಂತ ಭಾಷೆಯಲ್ಲಿ ಅದರ ಅನುವಾದವನ್ನು ಒದಗಿಸಲು 404ನೆಯ ಕಲಂ ಅವಕಾಶ ಮಾಡಿಕೊಟ್ಟಿದೆ. ಕನ್ನಡದಲ್ಲಿ ಅನುವಾದ ಬೇಕೆಂದು ಕೋರುವ ಹಕ್ಕು ಹೊರರಾಜ್ಯದ ಕನ್ನಡಿಗನಿಗೂ ಇದೆ.

ಎಲ್ಲಿ, ಎಷ್ಟು ದಿನಗಳೊಳಗೆ?

ಮ್ಯಾಜಿಸ್ಟ್ರೇಟರು ಶಿಕ್ಷೆ ವಿಧಿಸಿದ್ದರೆ ಸಾಮಾನ್ಯವಾಗಿ ಸೆಷನ್ಸ್ ನ್ಯಾಯಾಲಯಕ್ಕೆ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬೇಕು. ಸೆಷನ್ಸ್ ನ್ಯಾಯಾಧೀಶರು ಶಿಕ್ಷೆ ವಿಧಿಸಿದ್ದರೆ, ಅಥವಾ ಬೇರೆ ಯಾವುದೇ ನ್ಯಾಯಾಲಯವು 7 ವರ್ಷಗಳಿಗಿಂತ ಹೆಚ್ಚಿನ ಕಾರಾವಾಸ ವಿಧಿಸಿದ್ದರೆ, ಉಚ್ಚ ನ್ಯಾಯಾಲಯಕ್ಕೆ 60 ದಿನಗಳೊಳಗೆ ಸಲ್ಲಿಸಬೇಕು. ಸೆಷನ್ಸ್ ನ್ಯಾಯಾಲಯವು ಮರಣದಂಡನೆ ವಿಧಿಸಿದ್ದರೆ ಈ ಅವಧಿ 30 ದಿನಗಳು. ತೀರ್ಪಿನ ಪ್ರತಿಯನ್ನು ಪಡೆಯಲು ತಗಲುವ ಕಾಲವನ್ನು ಈ ಲೆಕ್ಕದಿಂದ ಕಳೆಯಲಾಗುತ್ತದೆ. ವಿಳಂಬಕ್ಕೆ ಸಾಕಷ್ಟು ಕಾರಣವಿದ್ದರೆ ಅದನ್ನು ಮನ್ನಿಸುವ ಅಧಿಕಾರವೂ ನ್ಯಾಯಾಲಯಕ್ಕಿದೆ.

ತಪ್ಪನ್ನು ಒಪ್ಪಿಕೊಂಡು ಶಿಕ್ಷೆ ಪಡೆದವರ ಮೇಲ್ಮನವಿಯ ಹಕ್ಕು ಬಹು ಸೀಮಿತವಾದುದು. ಶಿಕ್ಷೆಯನ್ನು ವಿಧಿಸಿದುದು ಉಚ್ಚ ನ್ಯಾಯಾಲಯವಲ್ಲದಿದ್ದರೆ, ಅದರ ಪ್ರಮಾಣ ಮತ್ತು ಕಾನೂನುಬದ್ಧತೆಯನ್ನು ಮಾತ್ರ ಅಂತಹವರು ಪ್ರಶ್ನಿಸಬಹುದು. ದೋಷಾರೋಪ ಅರ್ಥವಾಗದೆ ತಪ್ಪನ್ನು ಒಪ್ಪಿಕೊಳ್ಳುವುದು ಎಷ್ಟು ಅಪಾಯಕರವೆಂಬುದು ಇದರಿಂದ ತಿಳಿಯುತ್ತದೆ.

ಮೇಲ್ಮನವಿ ಇತ್ಯರ್ಥವಾಗುವವರೆಗೆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನಿನ ಮೇಲೆ ಬಿಡುಗಡೆ ಮಾಡಬೇಕೆಂದು 430ನೆಯ ಕಲಂ ಅನ್ವಯ ಕೋರಬಹುದು. ಸೆರೆಮನೆಯಲ್ಲಿರುವವರು ತಮ್ಮ ಮೇಲ್ಮನವಿಯನ್ನು ಸೆರೆಮನೆಯ ಅಧಿಕಾರಿಗೆ ಒಪ್ಪಿಸಿದರೆ ಸಾಕು. ಅದನ್ನು ನ್ಯಾಯಾಲಯಕ್ಕೆ ತಲಪಿಸುವುದು ಆ ಅಧಿಕಾರಿಯ ಕರ್ತವ್ಯ.

ಮೇಲ್ಮನವಿಯಲ್ಲಿ ತೋರಿಸಬೇಕಾದ ಅಂಶಗಳು

ದೋಷಾರೋಪದಲ್ಲಿ ದೋಷವಿದೆಯೆಂದು ಹೇಳುವ ಮೇಲ್ಮನವಿಯು ಈ ಕೆಳಗಿನ ಪ್ರಶ್ನೆಗಳಿಗೆ ಉತ್ತರಿಸುವಂತಿರಬೇಕು:

1. ದೋಷಾರೋಪದಲ್ಲಿ ಏನು ಬರೆಯಲಾಗಿತ್ತು, ಏನು ಬರೆಯಬೇಕಾಗಿತ್ತು?

2. ಪೊಲೀಸರ ದಾಖಲೆಗಳಿಂದಾಗಲಿ, ಸಾಕ್ಷಿಗಳ ಹೇಳಿಕೆಗಳಿಂದಾಗಲಿ, ನ್ಯಾಯಾಧೀಶರು ಕೇಳಿದ ಪ್ರಶ್ನೆಗಳಿಂದಾಗಲಿ ಆರೋಪಿಗೆ ನಿಜವಾದ ಆಪಾದನೆ ತಿಳಿದಿತ್ತೇ?

3. ತಪ್ಪಿನಿಂದಾಗಿ ಆತನು ಯಾವ ಸಾಕ್ಷಿಯನ್ನು ಕರೆಸಲಿಲ್ಲ, ಯಾವ ಪ್ರಶ್ನೆಯನ್ನು ಕೇಳಲಿಲ್ಲ, ಯಾವ ದಾಖಲೆಯನ್ನು ಹಾಜರುಪಡಿಸಲಿಲ್ಲ?

4. ಆಕ್ಷೇಪಣೆಯನ್ನು ಯಾವಾಗ ಎತ್ತಲಾಯಿತು? ಎತ್ತದಿದ್ದರೆ ಕಾರಣವೇನು?

ಇವುಗಳಲ್ಲಿ ಮೂರನೆಯದು ಅತ್ಯಂತ ಮಹತ್ತ್ವದ್ದು. ಅನ್ಯಾಯವಾಯಿತೆಂಬ ಸಾಮಾನ್ಯ ಮಾತಿಗೆ ನ್ಯಾಯಾಲಯದಲ್ಲಿ ಬೆಲೆ ಕಡಿಮೆ. ಘಟನೆ ನಡೆದುದು ಬೇರೆ ದಿನವೆಂದು ತಿಳಿದಿದ್ದರೆ ಆ ದಿನ ತಾನು ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದೆನೆಂಬ ಹಾಜರಿ ಪುಸ್ತಕವನ್ನು ತರಿಸುತ್ತಿದ್ದೆ ಎಂದು ಆರೋಪಿಯು ನಿರ್ದಿಷ್ಟವಾಗಿ ತೋರಿಸಬಲ್ಲನಾದರೆ, ನ್ಯಾಯಾಲಯವು ಅದನ್ನು ಗಂಭೀರವಾಗಿ ಪರಿಗಣಿಸುತ್ತದೆ.

ಕಾನೂನು ನೆರವು

ವಕೀಲರನ್ನು ನೇಮಿಸಿಕೊಳ್ಳುವ ಶಕ್ತಿಯಿಲ್ಲವೆಂಬ ಕಾರಣದಿಂದ ಮೇಲ್ಮನವಿಯ ಅವಕಾಶ ಯಾರಿಗೂ ತಪ್ಪಬಾರದು. ಮೇಲ್ಮನವಿ ಸಲ್ಲಿಸಲು ತೀರ್ಪಿನ ಉಚಿತ ಪ್ರತಿ ಮತ್ತು ಕಾನೂನು ನೆರವು ಪಡೆಯುವುದು ಕೈದಿಯ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು 1978ರಲ್ಲಿ ಹೊಸ್ಕೋಟ್ ಮತ್ತು ಮಹಾರಾಷ್ಟ್ರ ರಾಜ್ಯದ ನಡುವಣ ಮೊಕದ್ದಮೆಯಲ್ಲಿ ಸಾರಿತು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದಂತೆ ಬಂಧನದಲ್ಲಿರುವವರು, ಮಹಿಳೆಯರು, ಮಕ್ಕಳು, ಅನುಸೂಚಿತ ಜಾತಿ ಮತ್ತು ಪಂಗಡಗಳವರು ಮುಂತಾದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ದೊರೆಯುತ್ತದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಯಲ್ಲಿ ಅರ್ಜಿ ಸಲ್ಲಿಸಬಹುದು. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ ಸಹಾಯವಾಣಿ ಸಂಖ್ಯೆ 15100ಕ್ಕೂ ಕರೆ ಮಾಡಬಹುದು.

ಅಪರಾಧಿಗೆ ಶಿಕ್ಷೆಯಾಗಬೇಕೆಂಬುದು ಸಮಾಜದ ಹಿತ. ತನ್ನ ಮೇಲಿನ ಆಪಾದನೆಯನ್ನು ತಿಳಿದು ಅದಕ್ಕೆ ಉತ್ತರಿಸುವ ಅವಕಾಶ ಆರೋಪಿಗೆ ದೊರೆಯಬೇಕೆಂಬುದೂ ಅಷ್ಟೇ ಮುಖ್ಯವಾದ ಸಮಾಜದ ಹಿತ. ದೋಷಾರೋಪವನ್ನು ಕುರಿತ ಕಾನೂನು ಈ ಎರಡನ್ನೂ ತೂಗಿಸಿ ನಡೆಯುತ್ತದೆ. ಅದರ ಪ್ರಯೋಜನ ದೊರೆಯಬೇಕಾದರೆ, ದೋಷಾರೋಪವನ್ನು ಓದಿ ಹೇಳುವ ಆ ಕೆಲವು ನಿಮಿಷಗಳಲ್ಲಿ ಆರೋಪಿಯು ಕಿವಿಗೊಟ್ಟು ಕೇಳಬೇಕು, ತಿಳಿಯದುದನ್ನು ಪ್ರಶ್ನಿಸಬೇಕು, ತಪ್ಪಿದ್ದರೆ ಅಂದೇ ದಾಖಲಿಸಬೇಕು.